ತೊಗರಿಯ ಸಿಪ್ಪೆಯೂ ಗಿರಣಿಯ ತಕ್ಕಡಿಯೂ

ನಾವು ನಿತ್ಯವೂ ಉಣ್ಣುವ ತೊವ್ವೆಯ ಬೇಳೆ ಹೊಲದಿಂದ ಹಾಗೆಯೇ ಬಂದುದಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ಬೆಳೆದ ತೊಗರಿಯು ಸಿಪ್ಪೆ ಕಳಚಿ ಬೇಳೆಯಾಗುವುದು ಗಿರಣಿಗಳಲ್ಲಿ. ಕಲಬುರಗಿ ಸೀಮೆಯ ಈ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಸಣ್ಣ ಗಿರಣಿಯ ಒಡೆಯನು ಹೊಸ ಯಂತ್ರವನ್ನು ಕೊಳ್ಳುವ ಮುನ್ನ ಏನನ್ನು ಅರಿತಿರಬೇಕು? ಇದನ್ನು ಕೊಂಚ ವಿಚಾರಿಸೋಣ.

ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ತೆಳ್ಳನೆಯ ಅಂಟಿನ ಪದರವೊಂದುಂಟು. ಆದುದರಿಂದಲೇ ಕಡಲೆಯಷ್ಟು ಸುಲಭವಾಗಿ ತೊಗರಿಯ ಸಿಪ್ಪೆ ಬಿಡದು. ಹಳೆಯ ಪದ್ಧತಿಯಲ್ಲಿ, ಉರುಟಾದ ಎಮರಿ ಉರುಳೆಯಿಂದ ಕಾಳಿನ ಮೈಯನ್ನು ಗೀರಿ, ಎಣ್ಣೆ ಸವರಿ, ಹಲವು ದಿನ ಬಿಸಿಲಿಗೆ ಹರವುತ್ತಾರೆ. ತೇವ ಆರಿದಂತೆ ಅಂಟಿನ ಹಿಡಿತ ಸಡಿಲಗೊಳ್ಳುತ್ತದೆ. ಮೋಡ ಕವಿದರೆ ಕೆಲಸ ನಿಂತಂತೆಯೇ. ಅಂಟು ಸಡಿಲವಾಗದ ಕಾಳನ್ನು ಬಲವಾಗಿ ಉಜ್ಜಿದರೆ ಸಿಪ್ಪೆಯೊಡನೆ ಬೇಳೆಯೂ ಸವೆದು ಪುಡಿಯಾಗುತ್ತದೆ; ನುಚ್ಚು ಹೆಚ್ಚುತ್ತದೆ.

1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಇದಕ್ಕೊಂದು ಪರಿಹಾರವನ್ನು ಕಂಡುಹಿಡಿಯಿತು. ಬಿಸಿಲಿನ ಬದಲು ಬಿಸಿಗಾಳಿಯಿಂದ ಕಾಳನ್ನು ಕಾಯಿಸಿ, ಬಳಿಕ ತೊಟ್ಟಿಯಲ್ಲಿ ಕೆಲಕಾಲ ತಂಗಲು ಬಿಡುವುದೇ ಆ ಉಪಾಯ. ಹಳೆಯ ರೀತಿಯಲ್ಲಿ 100 ಕಿಲೋಗ್ರಾಂ ತೊಗರಿಗೆ ಸುಮಾರು 70ರಿಂದ 75 ಕಿಲೋಗ್ರಾಂ ಬೇಳೆ ದೊರೆತರೆ, ಇದರಿಂದ ಸುಮಾರು 80 ದೊರೆಯುತ್ತದೆ. ಕ್ವಿಂಟಲಿಗೆ 5 ಕಿಲೋಗ್ರಾಂ ಉಳಿದರೂ, ದಿನಕ್ಕೆ 10 ಟನ್ ಒಡೆಯುವ ಗಿರಣಿಗೆ 500 ಕಿಲೋಗ್ರಾಂ ಬೇಳೆ ಹೆಚ್ಚಾಗಿ ಸಿಕ್ಕಂತಾಯಿತು!

ಇನ್ನೊಂದು ಯಂತ್ರವನ್ನು ನೋಡೋಣ. ವ್ಯಾಪಾರಿಗಳು ‘ಸಾರ್ಟೆಕ್ಸ್’ ಎನ್ನುವ ಬಣ್ಣ ವಿಂಗಡಿಸುವ ಯಂತ್ರದಲ್ಲಿ, ಜಾರಿ ಬೀಳುವ ಬೇಳೆಯನ್ನು ಕ್ಯಾಮೆರಾ ನೋಡುತ್ತದೆ. ಕಪ್ಪಾದುದು ಕಂಡೊಡನೆ ಗಾಳಿಯ ಚಿಮ್ಮು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ತಡೆಯಿಲ್ಲದೆ 1 ಮೀಟರ್ ಬಿದ್ದ ವಸ್ತುವಿನ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್ ಎಂಬುದು ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಎಂದರೆ, ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಅದು 4.4 ಮಿಲಿಮೀಟರ್ ಸರಿಯುತ್ತದೆ. ಬೇಳೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಚಿಮ್ಮು ಅಷ್ಟು ತಡವಾದರೂ ಗುರಿ ತಪ್ಪಿತು! ಗಾಳಿಯ ಒತ್ತಡ ಕುಗ್ಗಿದರೆ ಕೆಟ್ಟ ಬೇಳೆ ಒಳ್ಳೆಯದರೊಡನೆ ಸೇರುವುದು. ಕ್ಯಾಮೆರಾದ ಗಾಜಿಗೆ ಧೂಳು ಕವಿದರೆ ಒಳ್ಳೆಯದೂ ಹೊರಬೀಳುವುದು. ಆದಕಾರಣ ಗಾಳಿಯನ್ನು ಒತ್ತಿ ಕೊಡುವ ಕಂಪ್ರೆಸರ್, ಏರಿಳಿತವಿಲ್ಲದ ವಿದ್ಯುತ್ತು, ಗಾಜನ್ನು ಒರೆಸುವ ನುರಿತ ಕೈ, ಇವೆಲ್ಲವೂ ಆ ಯಂತ್ರದ ಅಂಗಗಳೇ ಎಂದು ತಿಳಿಯತಕ್ಕದ್ದು. ಇವುಗಳ ವೆಚ್ಚವನ್ನು ಎಣಿಸದೆ ಸಾಲ ಮಾಡಿ ಯಂತ್ರ ತಂದರೆ, ಯಂತ್ರ ನಿಂತರೂ ಬಡ್ಡಿ ನಿಲ್ಲದು.

ಹಾಗಾದರೆ ಮೊದಲು ಬೇಕಾದ ಉಪಕರಣ ಯಾವುದು? ತಕ್ಕಡಿ! ಒಳಹೋದ ಕಾಳು, ಹೊರಬಂದ ಬೇಳೆ, ನುಚ್ಚು, ಪುಡಿ, ಹೊಟ್ಟು, ಇವಿಷ್ಟನ್ನೂ ದಿನವೂ ತೂಗಿ ಬರೆದಿಟ್ಟ ಒಡೆಯನಿಗೆ ನಷ್ಟ ಎಲ್ಲಿ ಆಗುತ್ತಿದೆಯೆಂಬುದು ತಿಳಿಯುತ್ತದೆ. ನುಚ್ಚು, ಪುಡಿಗಳು ಹೆಚ್ಚಾಗಿದ್ದರೆ ಕಾಳನ್ನು ಕಾಯಿಸುವ ಕ್ರಮವನ್ನು ತಿದ್ದಬೇಕು. ಬಣ್ಣಗೆಟ್ಟ ಬೇಳೆಯಿಂದಲೇ ಬೆಲೆ ಕುಸಿಯುತ್ತಿದ್ದರೆ ವಿಂಗಡಿಸುವ ಯಂತ್ರದ ಮಾತು. ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ಮೊದಲ ಪಾಠವೇ ಗಿರಣಿಗೂ ಮೊದಲ ಪಾಠ: ಅಳೆಯದೆ ಯಾವುದನ್ನೂ ಬದಲಿಸಬಾರದು.