ಯುಫೋನಿಯಮ್ಮಿನ ಸವೆದ ಪಿಸ್ಟನ್ನುಗಳು

ಹಿತ್ತಾಳೆಯ ಊದುವಾದ್ಯವೊಂದಕ್ಕೆ ಅದರ ವಿಶಿಷ್ಟ ನಾದವನ್ನು ಕೊಡುವ ಅಗಲಬಾಯಿಯೂ ಸುರುಳಿಗೊಂಡ ನಳಿಗೆಗಳೂ ನೂರು ವರ್ಷ ಕಳೆದರೂ ಬಹುಮಟ್ಟಿಗೆ ಯಥಾಸ್ಥಿತಿಯಲ್ಲಿ ಉಳಿದಿರುವುದುಂಟು. ಬೆರಳಿನ ಒತ್ತಡಕ್ಕೆ ಅಸಂಖ್ಯ ಬಾರಿ ಏರಿಳಿದ ಪಿಸ್ಟನ್ನುಗಳು ಮಾತ್ರ ಸವೆದಿರುತ್ತವೆ. ಆದಕಾರಣ ಹಳೆಯ ಯುಫೋನಿಯಮ್ಮೊಂದು ಸ್ವರಕ್ಕೆ ನಿಲ್ಲದಾದಾಗ, ಅದರ ದನಿಯೇ ಸತ್ತಿತೆಂದು ತೀರ್ಮಾನಿಸಿ ಹಿತ್ತಾಳೆಯ ತೂಕಕ್ಕೆ ಮಾರಿಬಿಡುವುದು ಆ ವಾದ್ಯಕ್ಕೆ ಮಾಡುವ ದೊಡ್ಡ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು 1818ರಲ್ಲಿ ಪ್ರಷ್ಯದಲ್ಲಿ ಹಕ್ಕುಪತ್ರ ಪಡೆದ ವಾಲ್ವಿಗೆ ಇಂದು ರೂಢಿಯಲ್ಲಿರುವ ಪಿಸ್ಟನ್ ರೂಪವನ್ನು ಕೊಟ್ಟವನು ಪ್ಯಾರಿಸ್ಸಿನ ಪೆರಿನೆ. ಪಿಸ್ಟನ್ನನ್ನು ಒತ್ತಿದಾಗ ಅದರ ಪಕ್ಕದ ರಂಧ್ರಗಳು ಒಂದು ಉಪನಳಿಗೆಗೆ ಎದುರಾಗಿ ನಿಂತು, ವಾಯುಸ್ತಂಭ ನೀಳವಾಗಿ, ಸ್ವರ ಕೆಳಗಿಳಿಯುತ್ತದೆ. ಅರ್ಧಸ್ವರ ಇಳಿಯಬೇಕಾದರೆ ನಳಿಗೆಯ ಉದ್ದ ಶೇಕಡ 6ರಷ್ಟು ಹೆಚ್ಚಬೇಕು. ಆದರೆ ಮೂರನೆಯ ಪಿಸ್ಟನ್ನಿನಿಂದ ಆಗಲೇ ಶೇಕಡ 19ರಷ್ಟು ಬೆಳೆದಿರುವ ನಳಿಗೆಗೆ, ಮೂಲ ಉದ್ದಕ್ಕೆ ಅಳೆದು ಮಾಡಿದ ಎರಡನೆಯ ಉಪನಳಿಗೆ ಸಾಲದು. ಸ್ವರ ಇರಬೇಕಾದುದಕ್ಕಿಂತ ಮೇಲೆಯೇ ಉಳಿಯುತ್ತದೆ. ಈ ಕೊರತೆಯನ್ನು ತುಂಬಲು ಲಂಡನ್ನಿನ ಬೂಸಿ ಸಂಸ್ಥೆಯ ಬ್ಲೇಕ್ಲಿ 1874ರಲ್ಲಿ ರೂಪಿಸಿದ ವ್ಯವಸ್ಥೆ ಅತ್ಯಂತ ಸುಂದರವಾದುದು: ಮೂರನೆಯ ಉಪನಳಿಗೆಯನ್ನು ಸುತ್ತಿದ ಗಾಳಿ ಮತ್ತೊಮ್ಮೆ ಮೊದಲೆರಡು ಪಿಸ್ಟನ್ನುಗಳ ಮೂಲಕ ಹಾದುಹೋಗಿ, ಅಲ್ಲಿರುವ ಪುಟ್ಟ ಪೂರಕ ನಳಿಗೆಗಳಿಂದ ಬೇಕಾದಷ್ಟೇ ಉದ್ದವನ್ನು ಪಡೆದುಕೊಳ್ಳುತ್ತದೆ. ಇದಕ್ಕಾಗಿ ಪಿಸ್ಟನ್ನಿನಲ್ಲಿ ರಂಧ್ರಗಳು ಹೆಚ್ಚುತ್ತವೆ, ನಡುವಣ ಲೋಹ ಕಿರಿದಾಗುತ್ತದೆ, ಗಾಳಿ ಎರಡು ಬಾರಿ ಸೋರುವ ಸಂಭವ ಒದಗುತ್ತದೆ. ಇಂಥ ವಾದ್ಯದಲ್ಲಿ ಸವೆತದ ಫಲ ಇಮ್ಮಡಿಯಾಗಿ ಕಾಣುವುದು ಸಹಜವೇ.

ಹೊಸ ಪಿಸ್ಟನ್ನಿಗೂ ಅದರ ಕೋಶಕ್ಕೂ ನಡುವೆ ಇರುವ ಅವಕಾಶ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲಷ್ಟೆ. ಅಷ್ಟನ್ನು ಎಣ್ಣೆಯ ಪೊರೆ ಮುಚ್ಚಬಲ್ಲದು; ಅದು ಅಗಲಿದರೆ ಪೊರೆ ನಿಲ್ಲದು. ನಳಿಗೆಯೊಳಗಿನ ಸ್ಥಿರತರಂಗದಲ್ಲಿ ಒತ್ತಡ ಬಲವಾಗಿ ಏರಿಳಿಯುವ ತಾಣದಲ್ಲಿ ಸೋರಿಕೆಯಾದರೆ ಶಕ್ತಿ ನಷ್ಟವಾಗುತ್ತದೆ. ಆ ತಾಣ ಸ್ವರದಿಂದ ಸ್ವರಕ್ಕೆ ಬೇರೆಯಾಗುವುದರಿಂದ ಕೆಲವು ಸ್ವರಗಳು ಮಾತ್ರ ಅಳ್ಳಕವಾಗುತ್ತವೆ. ಪಿಸ್ಟನ್ನನ್ನು ಒತ್ತದೆ ಅದರ ಉಪನಳಿಗೆಯ ಜಾರುಭಾಗವನ್ನು ತುಸು ಹೊರಗೆಳೆದು, ಕೆಲವು ಕ್ಷಣ ತಾಳಿ ಒತ್ತಿದಾಗ ಟಪ್ಪೆಂಬ ಸದ್ದು ಕೇಳಿದರೆ ವಾದ್ಯ ಗಾಳಿಯನ್ನು ಹಿಡಿದಿಟ್ಟಿದೆ ಎಂದರ್ಥ. ಕೇಳದಿದ್ದರೂ ಆತುರಪಡಬಾರದು: ಜಾರುಭಾಗವೇ ಸಡಿಲವಾಗಿರಬಹುದು. ಸವೆದ ಫೆಲ್ಟು ಬೆಂಡುಗಳಿಂದ ರಂಧ್ರಗಳು ಓರೆಯಾಗಿದ್ದರೂ ಸ್ವರ ಕೆಡುತ್ತದೆ. ಆ ದುರಸ್ತಿ ಅಲ್ಪವೆಚ್ಚದ್ದು.

ನಿಜವಾದ ಸವೆತವಾದರೆ ಕುಶಲಿಯ ಕೈಗೇ ಹೋಗಬೇಕು. ಬೆರಳು ಎಂದೂ ನೇರವಾಗಿ ಒತ್ತುವುದಿಲ್ಲ. ಆ ವಾರೆಯೊತ್ತಡದಿಂದ ಕೋಶದ ಒಳಮೈ ಅಂಡಾಕಾರವನ್ನು ತಾಳಿರುತ್ತದೆ. ಮೊದಲು ಸಾಣೆಕಡ್ಡಿಗಳಿಂದ ಅದನ್ನು, ಸಾಧ್ಯವಾದಷ್ಟು ಕಡಿಮೆ ಲೋಹ ಕಳೆದು, ತುದಿಯಿಂದ ತುದಿಗೆ ವೃತ್ತಾಕಾರಕ್ಕೆ ತರುತ್ತಾರೆ. ಹೀಗೆ ಕೋಶ ಇನ್ನಷ್ಟು ಅಗಲವಾಗುವುದರಿಂದ ಪಿಸ್ಟನ್ನನ್ನು ದಪ್ಪಗೊಳಿಸಬೇಕು. ಹಳೆಯ ಲೇಪವನ್ನು ಕಳೆದು, ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ತು ಹಾಯಿಸಿದಾಗ ಅದರ ಮೇಲೆ ನಿಕ್ಕಲ್ ಪದರಪದರವಾಗಿ ಕೂಡುತ್ತದೆ. ವಿದ್ಯುತ್ಪ್ರವಾಹ ಅಂಚುಗಳಲ್ಲಿ ದಟ್ಟೈಸುವ ಸ್ವಭಾವದ್ದಾದುದರಿಂದ ರಂಧ್ರಗಳ ಸುತ್ತ ಲೇಪ ಉಬ್ಬಿ ನಿಲ್ಲುತ್ತದೆ. ಅದಕ್ಕಾಗಿಯೇ ಅಗತ್ಯಕ್ಕಿಂತ ದಪ್ಪನಾಗಿ ಲೇಪಿಸಿ, ಬಳಿಕ ಯಂತ್ರದಲ್ಲಿ ಉಜ್ಜಿ ಅಳತೆಗೆ ಇಳಿಸುತ್ತಾರೆ. ಕಡೆಯ ಹಂತ ಕೈಗೆಲಸದ್ದು: ನುಣ್ಣನೆಯ ಸಾಣೆಪುಡಿಯನ್ನು ಎಣ್ಣೆಯಲ್ಲಿ ಕಲಸಿ ಸವರಿ, ಪಿಸ್ಟನ್ನನ್ನು ಅದರದೇ ಕೋಶದಲ್ಲಿ ತಿರುವುತ್ತ, ಆಡಿಸುತ್ತ, ತೊಳೆದು ನೋಡುತ್ತ ಹೋಗುವಾಗ ಒಂದೆರಡು ತಿರುವು ಹೆಚ್ಚಾದರೂ ಅಷ್ಟೂ ಶ್ರಮ ವ್ಯರ್ಥ. ಹೀಗೆ ಒಂದಕ್ಕೊಂದು ಒಗ್ಗಿದ ಜೋಡಿಗಳನ್ನು ಅದಲುಬದಲು ಮಾಡಲಾಗದು. ಪಿಸ್ಟನ್ನಿನ ಮೇಲೆ ಒತ್ತಿರುವ ಅಂಕೆಯ ಪ್ರಯೋಜನ ಅದೇ. ಮರಳಿ ಬಂದ ವಾದ್ಯಕ್ಕೆ ಮೊದಲ ಕೆಲವು ವಾರ ತೆಳುವಾದ ಎಣ್ಣೆಯನ್ನೇ ಹಾಕಿ, ಮೂಲೆಗಳಲ್ಲಿ ಉಳಿದಿರಬಹುದಾದ ಸಾಣೆಪುಡಿ ಹೊರಬರುವಂತೆ ಪಿಸ್ಟನ್ನುಗಳನ್ನು ಆಗಾಗ್ಗೆ ಒರಸುತ್ತಿರಬೇಕು.