ನಮ್ಮ ಮಕ್ಕಳ ಪುಸ್ತಕಗಳಲ್ಲಿ ಯಾರ ಮಕ್ಕಳಿದ್ದಾರೆ?

ಕೆಲವು ವರ್ಷಗಳ ಹಿಂದೆ, ನಿವೃತ್ತನಾದ ಹೊಸದರಲ್ಲಿ, ಭದ್ರಾವತಿಯ ಒಂದು ಪ್ರಾಥಮಿಕ ಶಾಲೆಗೆ ಕಥೆ ಓದಿ ಹೇಳಲು ಹೋಗಿದ್ದೆ. ಕೈಯಲ್ಲೊಂದು ಚಿತ್ರಪುಸ್ತಕವಿತ್ತು, ಶಿವಮೊಗ್ಗದ ಅಂಗಡಿಯೊಂದರಲ್ಲಿ ನಾನೇ ಆರಿಸಿ ಕೊಂಡದ್ದು. ಕಥೆಯ ರಾಜಕುಮಾರಿಗೆ ಚಿತ್ರಕಾರರು ಗುಲಾಬಿ ಕೆನ್ನೆ ಬರೆದಿದ್ದರು. ರಕ್ಕಸನಿಗೆ ಕಾಡಿಗೆಯಂಥ ಮೈಬಣ್ಣ, ಗುಂಗುರು ಕೂದಲು, ದಪ್ಪ ತುಟಿ. ಆ ಪುಟವನ್ನು ಎತ್ತಿ ತೋರಿಸಿದೊಡನೆ ಮಕ್ಕಳು ಕಿಲಕಿಲ ನಕ್ಕವು. ನಕ್ಕು ಸುಮ್ಮನಾಗಲಿಲ್ಲ, ಕೊನೆಯ ಸಾಲಿನಲ್ಲಿ ಕುಳಿತಿದ್ದ ಹುಡುಗನೊಬ್ಬನ ಕಡೆಗೆ ಎಲ್ಲವೂ ಹೊರಳಿ ನೋಡಿದವು. ಅವನೂ ನಕ್ಕ. ಉಳಿದವರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದ. ಮೂವತ್ತು ವರ್ಷ ಕಾವ್ಯಮೀಮಾಂಸೆಯ ಪಾಠ ಹೇಳಿ, ಔಚಿತ್ಯದ ಬಗೆಗೆ ಗಂಟೆಗಟ್ಟಲೆ ಮಾತಾಡಿದ ನನಗೆ ಪುಸ್ತಕ ಕೊಳ್ಳುವಾಗ ಆ ಚಿತ್ರ ಕಣ್ಣಿಗೇ ಬಿದ್ದಿರಲಿಲ್ಲ.

ಮೈಬಣ್ಣದ, ಜನಾಂಗದ ಪ್ರಶ್ನೆ ಅಮೆರಿಕದವರದು, ನಮಗೇಕೆ ಅದರ ಗೊಡವೆ ಎನ್ನುವವರಿದ್ದಾರೆ. ಅಲ್ಲಿ ಆ ಪ್ರಶ್ನೆಯನ್ನು ಲೆಕ್ಕ ಹಾಕಿ ಕೇಳಿದರೆಂಬುದು ನಿಜ. ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಣತಜ್ಞೆ 1962ರಿಂದ 64ರವರೆಗಿನ ಮೂರು ವರ್ಷಗಳಲ್ಲಿ 63 ಪ್ರಕಾಶಕರು ಹೊರತಂದ 5,206 ಮಕ್ಕಳ ಪುಸ್ತಕಗಳನ್ನು ಪರಿಶೀಲನೆಗೆ ಒಳಪಡಿಸಿದರು. ಕಪ್ಪು ಜನಾಂಗದ ಒಬ್ಬನಾದರೂ ಕಾಣಿಸಿಕೊಂಡ ಪುಸ್ತಕಗಳು 349. ನೂರಕ್ಕೆ ಏಳೂ ಇಲ್ಲ. ಆ ಲೇಖನ ಪ್ರಕಟವಾದದ್ದು 1965ರಲ್ಲಿ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆಯೂ 1965ರದೇ, ಭದ್ರಾವತಿಯ ಆಕಾಶವಾಣಿಯೂ 1965ರದೇ. ಕಾಕತಾಳೀಯವೇ ಸರಿ, ಆದರೂ ನೆನಪಿಟ್ಟುಕೊಳ್ಳಲು ಅನುಕೂಲ.

ಅದಕ್ಕೂ ಮೊದಲೇ, 1962ರಲ್ಲಿ, ಎಜ್ರಾ ಜ್ಯಾಕ್ ಕೀಟ್ಸ್ ಎಂಬ ಚಿತ್ರಕಾರರು ‘ದಿ ಸ್ನೋಯಿ ಡೇ’ ಎಂಬ ಪುಟ್ಟ ಪುಸ್ತಕ ತಂದಿದ್ದರು. ಮರುವರ್ಷ ಅದಕ್ಕೆ ಕ್ಯಾಲ್ಡಿಕಾಟ್ ಪದಕವೂ ಬಂತು. ಕಪ್ಪು ಹುಡುಗನೊಬ್ಬ ಹಿಮ ಬಿದ್ದ ದಿನ ಹೊರಗೆ ಹೋಗಿ ಆಡಿ ಬರುತ್ತಾನೆ, ಕಥೆಯೆಂದರೆ ಅಷ್ಟೇ. ಅವನು ಕಪ್ಪಗಿದ್ದಾನೆಂದು ಬರಹದಲ್ಲಿ ಎಲ್ಲಿಯೂ ಹೇಳಿಲ್ಲ. ಮೆಚ್ಚಬೇಕಾದದ್ದು ಈ ಸಂಯಮವನ್ನು. ಮುಂದೆ 1990ರಲ್ಲಿ ರೂಡೀನ್ ಸಿಮ್ಸ್ ಬಿಷಪ್ ಎಂಬ ವಿದುಷಿ, ಪುಸ್ತಕವು ಮಗುವಿಗೆ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂಬ ವಿಚಾರವನ್ನು ಮಂಡಿಸಿದರು. ಸದಾ ಕನ್ನಡಿಯನ್ನೇ ನೋಡುತ್ತ ಬೆಳೆದ ಮಗುವಿಗೂ ಕೇಡು ತಪ್ಪದು ಎಂಬುದು ಅವರ ಮಾತಿನ ಇನ್ನೊಂದು ಮಗ್ಗುಲು. ಅಂದು ತರಗತಿಯಲ್ಲಿ ಹೊರಳಿ ನೋಡಿದ ಮಕ್ಕಳು ನನಗೆ ನೆನಪಾಗುವುದು ಇಲ್ಲಿಯೇ.

ಇನ್ನು ನಮ್ಮ ನಾಡಿಗೆ ಬರೋಣ. ನಮ್ಮ ನೆರೆಯ ಉತ್ತರಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಸೀಮೆಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಪೋರ್ಚುಗೀಸರು ಗುಲಾಮರನ್ನಾಗಿ ತಂದವರ ಸಂತತಿ ಅವರಲ್ಲಿ ಬಹಳ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅವರ ಮಕ್ಕಳು ಶಾಲೆಯಲ್ಲಿ ಓದುವುದು ಕನ್ನಡವನ್ನೇ. ಅದೇ ಮುಂಡಗೋಡದಲ್ಲಿ, ಬೈಲಕುಪ್ಪೆಯಲ್ಲಿ, 1960ರ ದಶಕದಿಂದ ಟಿಬೆಟನ್ನರು ನೆಲೆಸಿದ್ದಾರೆ. ಶಿವಮೊಗ್ಗದ ಸುತ್ತಿನಲ್ಲಿ ಲಂಬಾಣಿ ತಾಂಡಾಗಳಿವೆ. ಮನೆಯಲ್ಲಿ ವಾಗ್ರಿ ಭಾಷೆಯಾಡುವ ಹಕ್ಕಿಪಿಕ್ಕಿಗಳ ಕ್ಯಾಂಪುಗಳಿವೆ. ಗಿಡಮೂಲಿಕೆಯ ಎಣ್ಣೆ ಮಾರಲು ಹಕ್ಕಿಪಿಕ್ಕಿಗಳು ಆಫ್ರಿಕಾದ ದೇಶಗಳಿಗೆ ಹೋಗಿಬರುತ್ತಾರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದದ್ದು, 2023ರ ಏಪ್ರಿಲಿನಲ್ಲಿ ಸುಡಾನಿನ ಕಾಳಗದ ನಡುವೆ ಅವರು ಸಿಕ್ಕಿಬಿದ್ದ ಸುದ್ದಿ ಬಂದಾಗ. ಅವರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು.

ಭದ್ರಾವತಿಯ ಮಾತನ್ನಂತೂ ಹೇಳುವುದೇ ಬೇಡ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಎರಡನ್ನೂ ನೆಚ್ಚಿ ತಮಿಳರು, ತೆಲುಗರು, ಮಲೆಯಾಳಿಗಳು ಬಂದರು. ಉರ್ದು ಮಾತಿನ ಮನೆಗಳು ಮೊದಲೇ ಇದ್ದವು. ಒಂದೇ ಬೆಂಚಿನಲ್ಲಿ ನಾಲ್ಕು ಮನೆಮಾತಿನ ಮಕ್ಕಳು ಕುಳಿತಿರುವುದು ಈ ಊರಿಗೆ ಹೊಸತಲ್ಲ. ನಾಡಿನ ಪುಸ್ತಕಗಳಿಗೆ, 1981ರಿಂದ ಪತ್ರಿಕೆಗಳಿಗೂ, ಕಾಗದ ಒದಗಿಸಿದ ಊರಿದು. ಆ ಯಂತ್ರಗಳು ಈಗ ನಿಂತುಹೋಗಿವೆ. ಓಡುತ್ತಿದ್ದಷ್ಟು ಕಾಲ ಆ ಕಾಗದದ ಮೇಲೆ ಈ ಬೆಂಚಿನ ಮಕ್ಕಳು ಎಷ್ಟು ಸಲ ಮೂಡಿಬಂದರೋ, ನಾನು ಓದಿದ ಮಕ್ಕಳ ಪುಸ್ತಕಗಳಲ್ಲಿ ಬೆರಳೆಣಿಕೆಯಷ್ಟು.

ಕನ್ನಡದಲ್ಲಿ ಏನೂ ಇಲ್ಲವೆಂದಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ‘ಬಾಲ ಪ್ರಪಂಚ’ವನ್ನು ಕಟ್ಟಿ ಹೊರಜಗತ್ತನ್ನು ಕನ್ನಡದ ಮಗುವಿನ ಅಂಗಳಕ್ಕೆ ತಂದರು. ಸಾಗರದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’, ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ ಇವೆರಡಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಸಂದಿದೆ. ನ್ಯಾಷನಲ್ ಬುಕ್ ಟ್ರಸ್ಟಿನವರು, ಚೆನ್ನೈನ ತೂಲಿಕಾದವರು ಬೇರೆ ಬೇರೆ ಪ್ರದೇಶಗಳ ಮಕ್ಕಳ ಕಥೆಗಳನ್ನು ಕನ್ನಡದಲ್ಲಿಯೂ ಕೊಡುತ್ತಿದ್ದಾರೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಭಂಡಾರದಿಂದ ಯಾರು ಬೇಕಾದರೂ ಕಥೆಯನ್ನು ಬಿಡಿಗಾಸಿಲ್ಲದೆ ಇಳಿಸಿಕೊಳ್ಳಬಹುದು, ಅನುವಾದಿಸಬಹುದು, ಅಚ್ಚು ಹಾಕಿಸಬಹುದು. ಆಫ್ರಿಕನ್ ಸ್ಟೋರಿಬುಕ್ ಯೋಜನೆಯ ಕಥೆಗಳೂ ಅಲ್ಲಿ ಸೇರಿವೆ. ಚಿತ್ರಗಳಲ್ಲಿರುವುದು ಆಫ್ರಿಕಾದ ಹಳ್ಳಿ, ಆಫ್ರಿಕಾದ ಮಕ್ಕಳು.

ಹಾಗಾದರೆ ತೊಡಕು ಎಲ್ಲಿದೆ? ಪುಸ್ತಕದಿಂದ ಮಗುವಿನ ಕೈಗೆ ಇರುವ ಹಾದಿಯಲ್ಲಿದೆ. 1965ರ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ನಾವು ಗ್ರಂಥಾಲಯ ಕರ ಕೊಡುತ್ತೇವೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಕೊಂಡರು. ಒಳ್ಳೆಯ ಕೆಲಸ. ಆದರೆ ಸದಸ್ಯತ್ವದ ಚೀಟಿ ಇದ್ದ ಮಾತ್ರಕ್ಕೆ ಪುಸ್ತಕ ಕೈಗೆ ಬಂತೆಂದಾಗದು. ಶಾಲೆಗಳಲ್ಲಿ ನಾನು ಕಂಡದ್ದು ಬೀಗ ಹಾಕಿದ ಬೀರು. ಪುಸ್ತಕ ಹರಿದರೆ ದಾಸ್ತಾನಿನಲ್ಲಿ ಲೆಕ್ಕ ಒಪ್ಪಿಸಬೇಕಾದ ಮೇಷ್ಟರ ಭಯವೂ ಸುಳ್ಳಲ್ಲ. ಮಕ್ಕಳ ಪುಸ್ತಕ ಹರಿಯುವುದೇ ಅದನ್ನು ಓದಿದ್ದಕ್ಕೆ ರಸೀದಿಯೆಂದು ಲೆಕ್ಕಪತ್ರದವರು ಒಪ್ಪಿಕೊಂಡರೆ ಅರ್ಧ ಬೀಗಗಳು ತೆರೆದುಕೊಂಡಾವು. ಬೆನ್ನು ತೋರಿಸಿ ನಿಲ್ಲಿಸಿದ ಪುಸ್ತಕವನ್ನು ಮಗು ಮುಟ್ಟುವುದೂ ಇಲ್ಲ; ಮುಖ ಕಾಣುವಂತೆ ದಾರಕ್ಕೆ ತೂಗುಹಾಕಿದರೆ ಊಟದ ಬಿಡುವಿನೊಳಗೆ ಖಾಲಿಯಾಗುತ್ತದೆ. ಅದಕ್ಕೂ ಮಿಗಿಲಾದ ಉಪಾಯ ದೊಡ್ಡವರೊಬ್ಬರು ಕುಳಿತು ಗಟ್ಟಿಯಾಗಿ ಓದುವುದು. ಓದುವವರು ಮೊದಲು ಚಿತ್ರಗಳನ್ನು ನೋಡಿಕೊಂಡು ಹೋಗಬೇಕೆಂಬುದನ್ನು ನನ್ನಿಂದ ಕಲಿಯಿರಿ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಸಿದ್ದಿ ಹುಡುಗಿ, ಲಂಬಾಣಿ ಹುಡುಗ ಎಂದೊಡನೆ ನಮ್ಮ ಲೇಖಕರಿಗೆ ಕಣ್ಣೀರು ಉಕ್ಕುತ್ತದೆ. ಬಡತನ, ಅವಮಾನ, ಕೊನೆಗೆ ದಯಾಳುವಾದ ಮೇಷ್ಟರೊಬ್ಬರಿಂದ ಉದ್ಧಾರ! ಆ ಕಥೆಯನ್ನು ಓದಿದ ತರಗತಿ ಮತ್ತೆ ಹೊರಳಿ ನೋಡುತ್ತದೆ, ಈ ಸಲ ಮರುಕದಿಂದ. ನೋಡಿಸಿಕೊಂಡವನಿಗೆ ಎರಡರಲ್ಲಿ ಯಾವುದು ಹಗುರವೆಂದು ನನಗೆ ಧೈರ್ಯವಾಗಿ ಹೇಳಲಾಗದು. ಆ ಹುಡುಗಿ ಮೇಕೆ ಕಳೆದುಕೊಂಡು ಹುಡುಕಲಿ, ಅಜ್ಜಿ ಹೊಲಿಯುವ ಕೌದಿಯ ತುಂಡು ಕದಿಯಲಿ, ಗೆಳತಿಯೊಡನೆ ಜಗಳವಾಡಲಿ. ಕೀಟ್ಸ್ ಮಾಡಿದ್ದು ಅಷ್ಟನ್ನೇ.

ಆ ಶಾಲೆಗೆ ನಾನು ಮತ್ತೆ ಹೋದದ್ದು ಒಂದೂವರೆ ತಿಂಗಳು ಕಳೆದ ಮೇಲೆ. ಆಫ್ರಿಕಾದ ಕಥೆಯೊಂದನ್ನು ಇಂಗ್ಲಿಷಿನಿಂದ ನಾನೇ ಕನ್ನಡಕ್ಕೆ ತಿರುಗಿಸಿ, ಶಿವಮೊಗ್ಗದಲ್ಲಿ ಬಣ್ಣದ ಪ್ರತಿಗಳನ್ನು ತೆಗೆಸಿ, ಹೊಲಿಸಿ ಒಯ್ದಿದ್ದೆ. ಓದುತ್ತಿದ್ದಂತೆ ಹಿಂದಿನ ಸಾಲಿನ ಹುಡುಗ ಎದ್ದು ಬಂದ. ಚಿತ್ರದಲ್ಲಿನ ಹೆಂಗಸು ತಲೆಯ ಮೇಲೆ ಹೊತ್ತಿದ್ದ ಬುಟ್ಟಿಯನ್ನು ತೋರಿಸಿ, “ಸಾರ್, ಇಲ್ಲಿಗೇ ನಮ್ಮ ಮಾವ ಎಣ್ಣೆ ಮಾರೋಕೆ ಹೋಗೋದು” ಎಂದ. ಅವನು ಹಕ್ಕಿಪಿಕ್ಕಿಗಳ ಮನೆಯ ಹುಡುಗನೆಂದು ನನಗೆ ತಿಳಿದದ್ದು ಆಗಲೇ. ಆಮೇಲೆ ನನ್ನ ಕಥೆ ಮುಂದುವರಿಯಲಿಲ್ಲ. ವಿಮಾನದಲ್ಲಿ ಏನು ಕೊಡುತ್ತಾರೆ, ಅಲ್ಲಿನವರ ಮಾತು ಮಾವನಿಗೆ ಬರುತ್ತದೆಯೇ ಎಂದು ಮಕ್ಕಳು ಅವನ ಸುತ್ತ ನೆರೆದವು. ಅವನು ಉತ್ತರ ಹೇಳುತ್ತ ನಿಂತ. ಗೊತ್ತಿಲ್ಲದ್ದನ್ನು ಧಾರಾಳವಾಗಿ ಕಲ್ಪಿಸಿ ಹೇಳುತ್ತಿದ್ದನೆಂದು ನನ್ನ ಅನುಮಾನ. ಹೊರಡುವಾಗ ಪುಸ್ತಕವನ್ನು ಮನೆಗೆ ಒಯ್ಯಲೇ ಎಂದು ಕೇಳಿದ. ಮೇಷ್ಟರು ನನ್ನ ಮುಖ ನೋಡಿದರು. ಇದು ದಾಸ್ತಾನಿಗೆ ಸೇರಿದ ಪುಸ್ತಕವಲ್ಲ, ಒಯ್ಯಲಿ ಎಂದೆ.