ವೈದ್ಯನಿಗೇ ಬಂತು ಕಾಯಿಲೆ!

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಸುಳ್ಳು ಮಾಡಿದ ಮರವೊಂದಿದ್ದರೆ ಅದು ಬೇವು. ಹಲ್ಲುಜ್ಜಲು ಅದರ ಕಡ್ಡಿ, ಕಾಳಿನ ಡಬ್ಬಿಗೆ ಅದರ ಒಣ ಎಲೆ, ಹೊಲಕ್ಕೆ ಅದರ ಹಿಂಡಿ. ಬಿಸಿಲ ನಾಡು ಕಲಬುರಗಿಯಲ್ಲಂತೂ ಬೇವೆಂದರೆ ನೆರಳು. ವಿಶ್ವವಿದ್ಯಾಲಯದ ಸಮೀಪದ ಕುಸನೂರಾಗಲಿ, ಕಮಲಾಪುರದ ಕಡೆಯ ಹಳ್ಳಿಗಳಾಗಲಿ, ಊರ ಕಟ್ಟೆಯ ಮೇಲೆ, ಹೊಲದ ಬದುವಿನಲ್ಲಿ ಬೇವಿನ ಗಿಡ ಇದ್ದೇ ಇರುತ್ತದೆ. ಇಂಥ ವೈದ್ಯನಿಗೇ ಕಾಯಿಲೆ ಬಂದರೆ?

ಬಂದಿದೆ. ಅದರ ಹೆಸರು ತುದಿ ಒಣಗುವ ರೋಗ. ಇಂಗ್ಲಿಷಿನಲ್ಲಿ ‘ಡೈಬ್ಯಾಕ್’ ಎನ್ನುತ್ತಾರೆ. ಮಳೆಗಾಲದಲ್ಲಿ ಶುರುವಾಗಿ ಚಳಿಗಾಲದವರೆಗೂ ಕಾಣಿಸಿಕೊಳ್ಳುತ್ತದೆ. ಮೊದಲು ರೆಂಬೆಗಳ ತುದಿ ಕಂದುತ್ತದೆ. ಅಲ್ಲಿಂದ ಒಣಗುತ್ತಾ ಕೆಳಕ್ಕಿಳಿಯುತ್ತದೆ. ಸಸಿ, ಮುದಿ ಮರ ಎಂಬ ಭೇದ ಅದಕ್ಕಿಲ್ಲ. ಹೂಗೊಂಚಲು ಕರಗುತ್ತದೆ, ಕಾಯಿ ಕೊಳೆಯುತ್ತದೆ. ರೋಗ ಬಲಿತ ಮರದಲ್ಲಿ ಬೀಜವೇ ಸಿಗದಂತಾಗುತ್ತದೆ. 2021ರಲ್ಲಿ ನೆರೆಯ ತೆಲಂಗಾಣದಲ್ಲಿ ಬೇವಿನ ಮರಗಳು ಹೀಗೆ ಒಣಗಿದಾಗ ಜನ ದಿಗಿಲುಗೊಂಡಿದ್ದರು.

<b>ಮೈಸೂರಿನ ಶೋಧ</b>

ಈ ರೋಗದ ಶಿಲೀಂಧ್ರವನ್ನು ಹೊಸ ಪ್ರಭೇದವೆಂದು ಗುರುತಿಸಿದವರು ಕನ್ನಡ ನಾಡಿನವರೇ. ಮೈಸೂರು ವಿಶ್ವವಿದ್ಯಾಲಯದ ಸತೀಶ್, ಶಂಕರ ಭಟ್ ಮತ್ತು ದೇವಕಿ 1997ರಲ್ಲಿ ಅದಕ್ಕೆ ‘ಫೋಮಾಪ್ಸಿಸ್ ಅಜಾಡಿರಾಕ್ಟೆ’ ಎಂದು ಹೆಸರಿಟ್ಟರು. ಬೇವಿನ ವೈಜ್ಞಾನಿಕ ಹೆಸರು ‘ಅಜಾಡಿರಾಕ್ಟ ಇಂಡಿಕ’ ಎಂಬುದನ್ನು ನೆನೆದರೆ ಈ ಹೆಸರಿನ ಅರ್ಥ ತಿಳಿಯುತ್ತದೆ.

ಇದರಲ್ಲೊಂದು ವಿಚಿತ್ರವಿದೆ. ಬೇವಿನೆಣ್ಣೆಯಿಂದ ಸಸ್ಯಗಳ ಶಿಲೀಂಧ್ರ ರೋಗ ತಡೆಯುವ ವಿಧಾನಕ್ಕೆ 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಅಮೆರಿಕದ ಒಂದು ಕಂಪನಿಗೆ ಮತ್ತು ಅಲ್ಲಿನ ಕೃಷಿ ಇಲಾಖೆಗೆ ಹಕ್ಕು ಕೊಟ್ಟಿತ್ತು. ಭಾರತೀಯರಿಗೆ ಇದು ಮೊದಲೇ ಗೊತ್ತು ಎಂಬ ವಾದ ಗೆದ್ದು, 2000ದಲ್ಲಿ ಆ ಹಕ್ಕು ರದ್ದಾಯಿತು. ಮೇಲ್ಮನವಿಯೂ 2005ರಲ್ಲಿ ಬಿದ್ದುಹೋಯಿತು. ಹೀಗೆ ಶಿಲೀಂಧ್ರದ ಮದ್ದೆಂದು ಜಗತ್ತೇ ಜಗಳವಾಡಿದ ಮರ ತಾನೇ ಒಂದು ಶಿಲೀಂಧ್ರಕ್ಕೆ ಸೋತಿತು! ಕಾರಣ ಸರಳ. ಒಂದು ಮದ್ದು ಎಲ್ಲ ರೋಗಾಣುಗಳಿಗೂ ನಾಟುವುದಿಲ್ಲ.

<b>ಗಾಯವೇ ಬಾಗಿಲು</b>

ಒಣಗಿದ ಕಡ್ಡಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಕಪ್ಪು ಚುಕ್ಕೆಗಳು ಕಾಣಬಹುದು. ಅವು ಶಿಲೀಂಧ್ರದ ಬೀಜಕಣಗಳ ಗೂಡುಗಳು. ಮಳೆಹನಿಯ ಚಿಮ್ಮುವಿಕೆಯಿಂದ ಕಣಗಳು ಹರಡುತ್ತವೆ. ಬೇವಿನ ಬೀಜದಲ್ಲೂ ಶಿಲೀಂಧ್ರ ಅಡಗಿರುತ್ತದೆ. ಟೀ ಸೊಳ್ಳೆ ಎಂಬ ಕೀಟ ಎಳೆ ಚಿಗುರಿನ ರಸ ಹೀರಿ ಅದನ್ನು ಒಣಗಿಸುತ್ತದೆ. ಆ ಗಾಯ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಹೆಸರಿಗೆ ಸೊಳ್ಳೆಯಾದರೂ ಅದು ತಿಗಣೆಯ ಬಂಧು. ಅಂಜೂರದ ಕಾಂಡದ ಹುಣ್ಣು ರೋಗವೂ ಹೀಗೆಯೇ. ಬಿಸಿಲಿಗೆ ಸುಟ್ಟ ತೊಗಟೆ, ಕೊಂಬೆ ಕತ್ತರಿಸಿದ ಗಾಯಗಳ ಮೂಲಕ ಬೇರೆ ಜಾತಿಯ ಶಿಲೀಂಧ್ರ ಒಳನುಗ್ಗುತ್ತದೆ.

<b>ಕೊಡಲಿ ಎತ್ತುವ ಮುನ್ನ</b>

ಒಣಗಿತೆಂದು ಮರ ಕಡಿಯುವುದು ದೊಡ್ಡ ತಪ್ಪು. ಯುಗಾದಿಗೆ ಮುಂಚೆ ಬೇವು ಎಲೆ ಉದುರಿಸುವುದು ಸಹಜ, ಅದು ರೋಗವಲ್ಲ. ರೋಗ ತಗುಲಿದ ಮರವೂ ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ. ಆದರೆ ಆರೈಕೆಯಿಲ್ಲದಿದ್ದರೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ವಿದ್ಯಾರ್ಥಿಗಳು ಒಂದು ಪರೀಕ್ಷೆ ಮಾಡಬಹುದು. ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ, ಕಂದಾಗಿದ್ದರೆ ಸತ್ತಿದೆ. ತುದಿಯಿಂದ ಕೆಳಕ್ಕೆ ಕೆರೆಯುತ್ತಾ ಬಂದರೆ ರೋಗ ಎಲ್ಲಿಯವರೆಗೆ ಇಳಿದಿದೆ ಎಂದು ತಿಳಿಯುತ್ತದೆ. ಮಳೆಯಿಲ್ಲದ ದಿನ ದೊಡ್ಡವರಿಂದ ಅದಕ್ಕೂ ಒಂದಿಷ್ಟು ಕೆಳಗೆ, ಹಸಿರು ಭಾಗದಲ್ಲೇ ಕತ್ತರಿಸಿಸಿ, ಒಣಕಡ್ಡಿಗಳನ್ನು ಸುಡಿಸಬೇಕು. ಬುಡದಲ್ಲೇ ರಾಶಿ ಹಾಕಿದರೆ ಮುಂದಿನ ಮಳೆಗೆ ರೋಗವನ್ನು ಕೂಡಿಟ್ಟಂತೆ. ಔಷಧಿ ಸಿಂಪಡಿಸುವುದಾದರೆ ಕೃಷಿ ಅಧಿಕಾರಿಗಳ ಸಲಹೆ ಪಡೆಯಬೇಕು. ಸಸಿ ಮಾಡಲು ಬೀಜವನ್ನು ಆರೋಗ್ಯವಂತ ಮರದಿಂದಲೇ ಆರಿಸಬೇಕು.

ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರ ಗೋಡೆ ಕಟ್ಟಿಕೊಂಡು ಹೊಸದಾಗಿ ಬೆಳೆಯುತ್ತದೆ. ಅದಕ್ಕೆ ಸಮಯ ಬೇಕು. ನೂರು ವರ್ಷ ನೆರಳು ಕೊಡಬಲ್ಲ ಮರಕ್ಕೆ ಒಂದೆರಡು ವರ್ಷ ಕಾಯುವುದು ಹೆಚ್ಚಲ್ಲ.